ಕಾಲ ಕಡೆಯ ಸುಣ್ಣ

"ಇನ್ನು ಯಾರಾದರೂ ಸೂಜಿ ತಂದರೂ ತಗೊಳ್ಳಲ್ಲ," ಎಂದು ಫಿದೆಂಸಿಯೊ ಪಿಕಪ್‌ನ ಮೇಲೆ ನಿಂತುಕೊಂಡೇ ಸಾರಿದ. ಟಾರ್ಪಾಲಿನ ಕೊನೆಯ ಹಗ್ಗವನ್ನು ಮೊಣಕಾಲು ಕೊಟ್ಟು ಬಿಗಿಯುತ್ತಿದ್ದ. ಚಳಿಯಲ್ಲೂ ಅವನ ಕತ್ತು ಬೆವೆತಿತ್ತು.

"ಸೂಜಿ ಯಾರು ತರ್ತಾರೆ? ತಂದರೆ ಫ್ರಿಜ್ಜೇ ತರೋದು," ಅಂದಳು ಕೆಳಗಿದ್ದ ಹೆಂಡತಿ ಬ್ರಿಹಿದಾ. ಹುರುಳಿಕಾಯಿ ಬೀಜ ಅರೆದು ತುಂಬಿದ ರೊಟ್ಟಿಸುರುಳಿಗಳನ್ನು ದಾರಿ ಊಟಕ್ಕೆಂದು ಬೆಳ್ಳಿ ಕಾಗದದಲ್ಲಿ ಸುತ್ತಿ ಡಬ್ಬಿಗೆ ತುಂಬುತ್ತಿದ್ದಳು. "ಹೋದ ಸಲ ಬಚ್ಚಲ ತೊಟ್ಟೀನೇ ಹೊತ್ಕೊಂಡು ಹೋದವರಲ್ವಾ ನೀವು? ಗಡಿಯವನು ಕೇಳಿದ್ದಕ್ಕೆ, ನಮ್ಮ ಹೆಂಡತಿಗೆ ದಾರೀಲಿ ಸ್ನಾನ ಬೇಕಾಗತ್ತೆ ಅಂದ್ರಿ. ನನ್ನ ಮರ್ಯಾದೆ ತೆಗೆದ್ರಿ."

ಡಿಸೆಂಬರ್ ಬಂತೆಂದರೆ ಡಾಜ್ ಸಿಟಿಯ ಆ ಟ್ರೇಲರ್ ಮನೆಗಳ ಸಾಲಿನಲ್ಲಿ ಫಿದೆಂಸಿಯೊನ ಪಿಕಪ್‌ಗೆ ಸಿಗುವ ಮರ್ಯಾದೆ ಪಾದ್ರಿಗೂ ಸಿಗುವುದಿಲ್ಲ. ಗಡಿ ದಾಟಿ ಸ್ವಂತ ದೇಶಕ್ಕೆ ಹೋಗಿ ಮತ್ತೆ ದಾಟಿ ಬರಬಲ್ಲಂಥ ಕಾಗದಪತ್ರ ಇರುವವರು ಅಲ್ಲಿ ಕೆಲವರೇ. ಉಳಿದವರು, ತಾವು ಹೋಗಲಾರದ ಊರಿಗೆ ಗಂಟು ಕಳಿಸುತ್ತಾರೆ. ಅಪ್ಪನಿಗೆ ಬೂಟು, ತಮ್ಮನಿಗೆ ಡ್ರಿಲ್ ಯಂತ್ರ, ಕಣ್ಣಾರೆ ಕಾಣದ ತಂಗಿಯ ಮಗಳಿಗೆ ಗೊಂಬೆ. ಆ ಹುಡುಗಿ ಗೊಂಬೆ ಆಡುವ ವಯಸ್ಸು ದಾಟಿ ಎಷ್ಟೋ ಕಾಲವಾಯಿತೆಂದು ಯಾರೂ ಹೇಳಿರುವುದಿಲ್ಲ. ಫಿದೆಂಸಿಯೊ ಮಾತ್ರ ಊರಿನಲ್ಲಿ ನೋಡಿರುತ್ತಾನೆ, ಅವನೂ ಬಾಯಿ ಬಿಡುವುದಿಲ್ಲ. ಗೊಂಬೆಯನ್ನು ಮಡಿಸಿದ ಬಟ್ಟೆಗಳ ನಡುವೆ ಜೋಪಾನವಾಗಿ ಇಡುತ್ತಾನೆ. ಗಾಡಿ ತುಂಬುವುದೆಂದರೆ ಅವನಿಗೆ ಗೋಡೆ ಕಟ್ಟಿದ ಹಾಗೆ. ಒಂದು ಸಲ ಹಗ್ಗ ಬಿಗಿದನೆಂದರೆ ದೇವರೇ ಬಂದು ಕೇಳಿದರೂ ಬಿಚ್ಚುವವನಲ್ಲ.

ಅಷ್ಟರಲ್ಲಿ ಎದುರು ಸಾಲಿನಿಂದ ನಿಯೆವೆಸ್ ಬರುವುದು ಕಂಡಿತು. 

ನಿಯೆವೆಸ್‌ಳ ತಾಯಿ ತ್ರಿನಿ, ಗಡಿಯಾಚೆಯ ಲಾ ನೋರಿಯಾದಲ್ಲಿ, ಬುಧವಾರ ತೀರಿಕೊಂಡಿದ್ದಳು. ಫಿದೆಂಸಿಯೊ ದಂಪತಿಗಳದೂ ಅದೇ ಊರು. ಮಣ್ಣು ನಿನ್ನೆ ಆಯಿತು. ನಿಯೆವೆಸ್ ಅದನ್ನು ತಾನು ಕೆಲಸ ಮಾಡುವ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಬಿಸಿ ಹಾಸಿಗೆವಸ್ತ್ರಗಳ ರಾಶಿಯ ಹಿಂದೆ ನಿಂತು, ಅಂಗೈಯಷ್ಟು ಫೋನಿನಲ್ಲಿ ನೋಡಿದಳು. ಅಲ್ಲಿ ಫೋನು ಹಿಡಿದಿದ್ದ ಸೋದರ ಅದನ್ನು ಮೇಲಕ್ಕೆ ವಾಲಿಸಿ ಅರ್ಧ ಹೊತ್ತು ಆಕಾಶವೇ ಕಂಡಿತ್ತು. ಹದಿನೈದು ವರ್ಷದಿಂದ ಅವಳು ಆ ಊರಿಗೆ ಹೋಗಿಲ್ಲ. ಹೋಗುವುದಕ್ಕೇನು, ಯಾರೂ ತಡೆಯುವುದಿಲ್ಲ. ಹೋದರೆ ಮರಳಿ ಬರುವ ದಾರಿ ಇಲ್ಲ, ಅಷ್ಟೆ.

ಅವಳು ತಾಯಿಗೆಂದು ಕೊಂಡ ದಪ್ಪ ರಗ್ಗಿನ ಪೆಟ್ಟಿಗೆ ಗಾಡಿಯ ತಳದಲ್ಲಿತ್ತು. ಎಲ್ಲರಿಗಿಂತ ಮೊದಲು ತಂದವಳು ಅವಳೇ, ಹಾಗಾಗಿ ಎಲ್ಲಕ್ಕಿಂತ ಅಡಿಗೆ ಹೋಗಿತ್ತು. ಫಿದೆಂಸಿಯೊ ಅದನ್ನು ತೆಗೆದುಕೊಡಲೆಂದು ಈಗಷ್ಟೇ ಬಿಗಿದ ಹಗ್ಗಕ್ಕೆ ಕೈ ಹಾಕಿ ಗಂಟು ಸಡಿಲಿಸತೊಡಗಿದ. ಬ್ರಿಹಿದಾಗೆ ಗಂಡನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು.

"ಬಿಚ್ಚಬೇಡಿ ಕೊಂಪಾದ್ರೆ," ಅಂದಳು ನಿಯೆವೆಸ್. ಅವಳ ಮಗಳು ಯಾರೆಲಿಗೆ ಜ್ಞಾನಸ್ನಾನ ಮಾಡಿಸಿದ ದಿನ, ಹೆತ್ತವಳ ಜೊತೆ ನಿಂತು ಮಗುವನ್ನು ಕೈಗೆ ತೆಗೆದುಕೊಂಡವರು ಈ ಗಂಡಹೆಂಡಿರೇ. ಅಂದಿನಿಂದ ಇವರು ಅವಳಿಗೆ ಕೊಂಪಾದ್ರೆ, ಕೊಮಾದ್ರೆ. "ರಗ್ಗು ಹೋಗ್ಲಿ. ಅಲ್ಲಿ ಪ್ರಾರ್ಥನೆಗೆ ಬಂದು ಉಳಿದೋರು ಯಾರಾದರೂ ಹೊದ್ಕೊಳ್ಳಲಿ. ನಂಗೆ ಇನ್ನೊಂದು ಜಾಗ ಬೇಕಿತ್ತು."

"ಎಷ್ಟು ದೊಡ್ಡ ಸಾಮಾನು?" ಅಂದ ಫಿದೆಂಸಿಯೊ, ಅಭ್ಯಾಸಬಲದಿಂದ.

"ಸಾಮಾನಲ್ಲ. ಯಾರೆಲಿ."

ಬ್ರಿಹಿದಾಳ ಕೈಯಲ್ಲಿದ್ದ ರೊಟ್ಟಿಸುರುಳಿ ಅಲ್ಲೇ ನಿಂತಿತು. ಯಾರೆಲಿಗೆ ಹತ್ತು ವರ್ಷ. ಇಲ್ಲೇ ಹುಟ್ಟಿದವಳಾದ್ದರಿಂದ ಎರಡೂ ಕಡೆ ಓಡಾಡಬಹುದು, ಆದರೆ ಎಲ್ಲಿಗೂ ಹೋದವಳಲ್ಲ.

ನಿಯೆವೆಸ್ ಹೇಳಿದ್ದು ಇಷ್ಟು. ಮನೆಯಲ್ಲಿ ಹೆಣ ಮಲಗಿಸಿದ್ದ ಜಾಗದಲ್ಲಿ ಚಿಕ್ಕಮ್ಮ ಸುಣ್ಣದಲ್ಲಿ ಶಿಲುಬೆ ಬರೆದಿದ್ದಾಳೆ. ಒಂಬತ್ತನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಎತ್ತಬೇಕು. ತಲೆಯ ಕಡೆ ಒಬ್ಬರು, ಎರಡು ತೋಳಿಗೆ ಇಬ್ಬರು, ಕಾಲ ಕಡೆ ಒಬ್ಬರು. ಎತ್ತಿದ ಸುಣ್ಣವನ್ನು ಸಮಾಧಿಗೆ ಒಯ್ದು ಹಾಕುವುದು. ಲಾ ನೋರಿಯಾದಲ್ಲಿ ಕಾಲ ಕಡೆಯದು ಹೆಣ್ಣುಮಕ್ಕಳ ಪಾಲು, ಮಗಳು ಇಲ್ಲದಿದ್ದರೆ ಮಗಳ ಮಗಳು. ತ್ರಿನಿಗೆ ಇರುವ ಮಗಳು ನಿಯೆವೆಸ್ ಒಬ್ಬಳೇ.

"ಪಕ್ಕದ ಮನೆಯೋರು ಯಾರೋ ಎತ್ತುತಾರೆ, ನೀನು ಮನಸ್ಸಿಗೆ ಹಚ್ಕೋಬೇಡ ಅಂದ್ಲು ಚಿಕ್ಕಮ್ಮ," ಅಂದಳು ನಿಯೆವೆಸ್. "ಪಕ್ಕದ ಮನೆಯೋರಂತೆ. ನಮ್ಮಮ್ಮನ ಕಾಲನ್ನ."

ಫಿದೆಂಸಿಯೊ ಕೆಳಗಿಳಿದು ಹಿಂದಿನ ಬಾಗಿಲು ತೆರೆದ. ಸೀಟಿನ ಮೇಲೆ ಒಂದು ಟಿವಿ, ಮಿಠಾಯಿಯ ಬಕೆಟ್ಟುಗಳು, ಬ್ರಿಹಿದಾ ತನ್ನ ಅಕ್ಕನಿಗೆಂದು ಆರಿಸಿ ಕೊಂಡಿದ್ದ ಹೊಲಿಗೆ ಯಂತ್ರ ಒಂದರ ಪಕ್ಕ ಒಂದು ಕುಳಿತಿದ್ದವು. ಅವನು ಹೊಲಿಗೆ ಯಂತ್ರದ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ ನೋಡಿದ.

"ಹಾಗೇನು ನೋಡ್ತೀರಿ? ಇಳಿಸಿ," ಅಂದಳು ಬ್ರಿಹಿದಾ. "ನಮ್ಮಕ್ಕ ಇಷ್ಟು ವರ್ಷ ಕೈಯಲ್ಲೇ ಹೊಲಿದಿದ್ದಾಳೆ, ಇನ್ನೊಂದು ವರ್ಷ ಹೊಲೀಲಿ." ಆಮೇಲೆ ನಿಯೆವೆಸ್‌ಳ ಎರಡೂ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು. "ನಾನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಲ್ಲಿ ಆ ಮಗೂಗೆ ಜ್ವರ ಬಂತು ಅನ್ನು. ದಾರೀಲಿ ಏನೋ ಆಯ್ತು ಅನ್ನು. ನೀನು ಬರೋಕಾಗಲ್ಲ ಕಣೆ. ನಾವು ಫೋನ್ ಮಾಡ್ತೀವಿ, ನೀನು ಇಲ್ಲಿ ಗೋಡೆಗೆ ತಲೆ ಚಚ್ಕೋತೀಯ. ಅದನ್ನ ಯೋಚಿಸಿದ್ದೀಯಾ?"

"ಯೋಚಿಸಿದ್ದೀನಿ," ಅಂದಳು ನಿಯೆವೆಸ್. "ನೋಟರಿ ಹತ್ರ ಸಹಿ ಹಾಕ್ಸಿದ ಒಪ್ಪಿಗೆ ಪತ್ರನೂ ತಂದಿದ್ದೀನಿ. ಅರ್ಧ ಗಂಟೆ ಕೊಡಿ, ರೆಡಿ ಮಾಡಿ ಕರ್ಕೊಂಡು ಬರ್ತೀನಿ."

"ಮಧ್ಯಾಹ್ನಕ್ಕೆ ಹೊರಟರೆ ಸರಿ," ಅಂದ ಫಿದೆಂಸಿಯೊ. ಅವನಿಗೆ ಕತ್ತಲಾಗುವುದರೊಳಗೆ ಒಕ್ಲಹೋಮ ರಾಜ್ಯ ಹಿಂದೆ ಬೀಳಬೇಕಿತ್ತು. ಆದರೂ ಅವಸರ ಮಾಡಲಿಲ್ಲ.

ಅರ್ಧ ಗಂಟೆ ಕಳೆಯಿತು, ಮತ್ತರ್ಧವೂ ಕಳೆಯಿತು. ಹೊಲಿಗೆ ಯಂತ್ರ ಮನೆಯೊಳಗೆ ಹೋಯಿತು. ಟಿವಿಯನ್ನು ನಿಲ್ಲಿಸಿ, ಬಕೆಟ್ಟುಗಳನ್ನು ಕಾಲ ಬಳಿಗೆ ತಳ್ಳಿ, ಫಿದೆಂಸಿಯೊ ಹುಡುಗಿಗೆ ಮಲಗುವಷ್ಟು ಜಾಗ ಮಾಡಿದ, ದಿಂಬನ್ನೂ ಇಟ್ಟ. ಯಾರೂ ಬರಲಿಲ್ಲ. ಕೊನೆಗೆ ಬ್ರಿಹಿದಾ ತಾನೇ ಎದ್ದು ಹೋದಳು.

ಹೋಗಿ ನೋಡಿದರೆ ನಿಯೆವೆಸ್ ಮಂಚದ ಮೇಲೆ ಕುಳಿತು, ಮಗಳ ಚೀಲಕ್ಕೆ ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ತೆಗೆದದ್ದನ್ನು ಮತ್ತೆ ಮಡಿಸುತ್ತಿದ್ದಳು. ಯಾರೆಲಿ ಕೋಟು ತೊಟ್ಟು, ಕೂದಲು ಬಿಗಿಯಾಗಿ ಹೆಣೆಸಿಕೊಂಡು, ಬಾಗಿಲಿಗೆ ಒರಗಿ ನಿಂತಿದ್ದಳು.

"ಆಗಲ್ಲ ಕೊಮಾದ್ರೆ," ಅಂದಳು ನಿಯೆವೆಸ್, ತಲೆ ಎತ್ತದೆ. "ನೀವಂದಿದ್ದು ಸರಿ. ಅಮ್ಮ ಹೇಗಿದ್ದರೂ ಹೋದಳು. ಅವಳಿಗೆ ಯಾರು ಎತ್ತಿದರೇನು, ಗೊತ್ತಾಗತ್ತಾ? ನಂಗೆ ಇರೋದು ಇವಳೊಬ್ಬಳು. ಇವಳನ್ನೂ ಆ ಕಡೆ ಕಳಿಸಿ, ನಾನು ಇಲ್ಲಿ ಏನು ಹಿಡ್ಕೊಂಡು ಇರಲಿ?"

 ಬುದ್ಧಿ ಹೇಳಿ ನಾನೇ ಕೆಡಿಸಿದೆನಲ್ಲ ಅನ್ನಿಸಿತು ಬ್ರಿಹಿದಾಗೆ.  ಮಡಿಸಿದ ಒಂದು ಅಂಗಿಯನ್ನು ಎತ್ತಿಕೊಂಡು, ಸುಮ್ಮನೆ ಇನ್ನೊಮ್ಮೆ ಮಡಿಸಿದಳು.

"ನಂಗೂ ಹೋಗೋಕೆ ಹೆದರಿಕೆ," ಅಂದಳು ಯಾರೆಲಿ ಬಾಗಿಲಿನಿಂದ.

ಇಬ್ಬರೂ ಅವಳತ್ತ ನೋಡಿದರು.

"ದಾರಿಗಲ್ಲ," ಅಂದಳು ಹುಡುಗಿ. "ದಾರೀಲಿ ಮಲ್ಕೋತೀನಿ. ಅದನ್ನ ಹೇಗೆ ಎತ್ತೋದು ಅಂತ ನಂಗೆ ಗೊತ್ತಿಲ್ಲ. ಎಲ್ಲರೂ ನೋಡ್ತಾ ಇರ್ತಾರೆ. ನಾನು ತಪ್ಪು ಮಾಡಿದರೆ ಅಜ್ಜಿಗೆ ಅವಮಾನ ಆಗಲ್ವಾ? ಇಂಗ್ಲಿಷ್ ಮಾತಾಡೋ ಮೊಮ್ಮಗಳು ಬಂದು ಕೆಡಿಸಿದ್ಲು ಅಂತಾರೆ. ನೀನು ತೋರಿಸಿಕೊಟ್ಟರೆ ಹೋಗ್ತೀನಿ, ಮಮಾ."

ನಿಯೆವೆಸ್ ಮಗಳನ್ನು ನೋಡಿದಳು. ಮೂಗು ತ್ರಿನಿಯದೇ. ಅದು ಇಷ್ಟು ದಿನ ಕಂಡೇ ಇರಲಿಲ್ಲವೆಂದಲ್ಲ, ಈಗ ನೋಡಲಾರದಷ್ಟು ಕಂಡಿತು.

ಅವಳು ಎದ್ದು ಅಡುಗೆಮನೆಗೆ ಹೋದಳು. ಸುಣ್ಣ ಎಲ್ಲಿಂದ ತರುವುದು? ಮೆಕ್ಕೆಜೋಳದ ಹಿಟ್ಟಿನ ಚೀಲ ಎಳೆದುಕೊಂಡು, ಮೇಜನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಮಂಡಿಯೂರಿದಳು. ಹಿಟ್ಟನ್ನು ಬೆರಳ ಸಂದಿಯಿಂದ ಬಿಡುತ್ತಾ ಮೊದಲು ಉದ್ದದ ಗೆರೆ ಎಳೆದಳು, ಆಮೇಲೆ ಅಡ್ಡದ್ದು. ಕೈ ತಾನಾಗಿಯೇ ನಡೆಯಿತು. ತನ್ನ ಅಜ್ಜಿ ಸತ್ತಾಗ ಅವಳೂ ಇಷ್ಟೇ ವಯಸ್ಸಿನವಳು, ಇಂಥದೇ ನೆಲದ ಮುಂದೆ ಅಮ್ಮನ ಪಕ್ಕ ಕುಳಿತಿದ್ದಳು.

"ಪೊರಕೆ ಮುಟ್ಟಿಸೋ ಹಾಗಿಲ್ಲ," ಅಂದಳು. "ಎರಡು ಕೈಯಲ್ಲಿ ಹೀಗೆ, ಹೊರಗಿಂದ ಒಳಕ್ಕೆ ಒಟ್ಟು ಮಾಡ್ಕೋಬೇಕು. ಊದಬಾರದು. ಅಳು ಬಂದರೆ ಬರಲಿ, ಒರೆಸ್ಕೊಳ್ಳೋಕೆ ಹೋಗಬೇಡ, ಕೈ ಸುಣ್ಣ ಆಗಿರತ್ತೆ, ಕಣ್ಣು ಉರಿಯತ್ತೆ. ಒಂದು ಕಣವನ್ನೂ ನೆಲದ ಮೇಲೆ ಬಿಡಬಾರದು. ಪ್ರಾರ್ಥನೆ ಹೇಳಿಸೋ ಮುದುಕಿ ಕೇಳ್ತಾಳೆ, ತಲೆ ಎತ್ತೋರು ಯಾರು? ನಿಮ್ಮ ಮಾವ ಹೆಸರು ಹೇಳಿ ಎತ್ತುತಾನೆ. ಆಮೇಲೆ ತೋಳು. ನಿಂದು ಕೊನೇಗೆ."

"ನಂಗೆ ಎಲ್ಲಾದನ್ನೂ ಕಲಿಸು," ಅಂದಳು ಯಾರೆಲಿ, ಕೋಟಿನ ತೋಳು ಮೇಲಕ್ಕೆ ಸರಿಸಿ.

ನಿಯೆವೆಸ್ ಮುದುಕಿಯ ಹಾಗೆ ದನಿ ಗೊಗ್ಗರು ಮಾಡಿ ಕೇಳಿದಳು. ಯಾರೆಲಿ ತಲೆಯ ಕಡೆಯದನ್ನು ಎತ್ತಿ ಹಿಟ್ಟಿನ ಚೀಲಕ್ಕೆ ಹಾಕಿದಳು. ಸ್ವಲ್ಪ ಚೆಲ್ಲಿತು. "ನಿಮ್ಮ ಮಾವ ಇನ್ನೂ ಜಾಸ್ತಿ ಚೆಲ್ಲುತಾನೆ ಬಿಡು," ಅಂದಳು ಬ್ರಿಹಿದಾ ಬಾಗಿಲಲ್ಲಿ ನಿಂತು, ಹುಡುಗಿ ನಕ್ಕಳು. ಎರಡನೆಯದು ಸರಿಯಾಯಿತು. ಮೂರನೆಯದರಲ್ಲಿ ನೆಲ ಒರೆಸಿದಷ್ಟು ಚೊಕ್ಕಟವಾಯಿತು. ಕಾಲ ಕಡೆಯದು ಉಳಿಯಿತು.

ಯಾರೆಲಿ ಅದಕ್ಕೆ ಕೈ ಹಾಕಲಿಲ್ಲ. ಹಿಮ್ಮಡಿಯ ಮೇಲೆ ಕುಳಿತು ಅಮ್ಮನನ್ನು ನೋಡಿದಳು.

"ಈಗ ಕೇಳೋಳು ನಾನು," ಅಂದು, ಅಮ್ಮನಂತೆಯೇ ದನಿ ಗೊಗ್ಗರು ಮಾಡಿಕೊಂಡಳು. "ಕಾಲ ಕಡೆ ಎತ್ತೋರು ಯಾರು?"

ನಿಯೆವೆಸ್‌ಗೆ ಮೊದಲು ತಮಾಷೆ ಅನ್ನಿಸಿತು. ಕೈಯ ಹಿಟ್ಟು ಕೊಡವಿಕೊಂಡಳು.

"ಕಾಲ ಕಡೆ ಎತ್ತೋರು ಯಾರಮ್ಮಾ?" ಹುಡುಗಿ ಮತ್ತೆ ಕೇಳಿದಳು. ಈ ಸಲ ಆಟದ ದನಿಯಿರಲಿಲ್ಲ.

"ಮಗಳು," ಅಂದಳು ನಿಯೆವೆಸ್. "ನಿಯೆವೆಸ್. ತ್ರಿನಿಯ ಮಗಳು."

ಅವಳು ಬಾಗಿ, ಹಿಟ್ಟನ್ನು ಹೊರಗಿನಿಂದ ಒಳಕ್ಕೆ, ಎರಡೂ ಕೈಯಿಂದ, ಅವಸರವಿಲ್ಲದೆ ಒಟ್ಟು ಮಾಡಿದಳು. ಬುಧವಾರದಿಂದ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈಗ ಬಂತು, ಹಿಟ್ಟಿನ ಮೇಲೇ ಬಿತ್ತು. ಒರೆಸಿಕೊಳ್ಳಲಿಲ್ಲ. ಬ್ರಿಹಿದಾ ಮುಖ ತಿರುಗಿಸಿಕೊಂಡು ಶಿಲುಬೆಯ ಗುರುತು ಮಾಡಿಕೊಂಡಳು.

ಬೊಗಸೆ ತುಂಬಿಕೊಂಡ ಮೇಲೆ ಏನು ಮಾಡುವುದೆಂದು ನಿಯೆವೆಸ್‌ಗೆ ತೋಚಲಿಲ್ಲ. ಇದನ್ನು ಮತ್ತೆ ಚೀಲಕ್ಕೆ ಸುರಿಯುವಂತಿರಲಿಲ್ಲ, ಕಸಕ್ಕೆ ಹಾಕುವಂತೆಯೂ ಇರಲಿಲ್ಲ. ಹಾಗೇ ಮಂಡಿಯೂರಿ ಕುಳಿತಿದ್ದಳು. ಯಾರೆಲಿ ಎದ್ದು ಓಡಿ ತನ್ನ ಪೆನ್ಸಿಲ್ ಚೀಲ ತಂದಳು. ಇದ್ದ ಪೆನ್ಸಿಲುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಅದರ ಬಾಯಿ ಅಗಲಿಸಿ ಅಮ್ಮನ ಕೈ ಕೆಳಗೆ ಹಿಡಿದಳು.

"ಹಾಕು. ಅಲ್ಲಿಯದರ ಜೊತೆ ಸೇರಿಸಿ ಹಾಕ್ತೀನಿ."

"ಅಯ್ಯೋ ನನ್ನ ತಾಯಿ," ಅಂದಳು ಬ್ರಿಹಿದಾ, ಅಳುತ್ತಲೇ ನಗು ಬಂದು. "ಗಡೀಲಿ ಬಿಳಿ ಪುಡಿ ಅಂತ ನಮ್ಮನ್ನೆಲ್ಲ ಹಿಡಿದು ಕೂರಿಸ್ತಾರೆ ಕಣೇ."

"ಕೇಳಿದರೆ ರೊಟ್ಟಿ ತಟ್ಟಿ ತೋರಿಸೇ," ಎಂದ ಫಿದೆಂಸಿಯೊ. ಯಾವಾಗ ಬಂದು ಕಿಟಕಿಯ ಆಚೆ ನಿಂತಿದ್ದನೋ, ಟೋಪಿ ಕೈಯಲ್ಲಿತ್ತು. "ಚೀಲ ಕೊಡಿ. ಇದು ಹಿಂದೆ ಬೇಡ, ಮುಂದೆ ನನ್ನ ಹತ್ತಿರ ಇರಲಿ."

ಹೊರಡುವಾಗ ಯಾರೆಲಿ ಅಳಲಿಲ್ಲ. ದಿಂಬು ತಬ್ಬಿಕೊಂಡು ಕಿಟಕಿಯಿಂದ ಕೈ ಬೀಸಿದಳು. ನಿಯೆವೆಸ್ ರಸ್ತೆಯ ತಿರುವಿನವರೆಗೂ ಪಿಕಪ್‌ನ ಪಕ್ಕ ನಡೆದಳು. ಗಾಡಿ ಎತ್ತಿನ ಗಾಡಿಗಿಂತ ನಿಧಾನವಾಗಿ ಹೋಗುತ್ತಿತ್ತು. ತಿರುವಿನಾಚೆ ಹೆದ್ದಾರಿ, ಅಲ್ಲಿಂದ ಮುಂದೆ ಅದು ವೇಗ ಹಿಡಿಯಲೇಬೇಕಿತ್ತು.

ಮನೆಗೆ ಬಂದಾಗ ಅಡುಗೆಮನೆಯ ಮೇಜು ಇನ್ನೂ ಗೋಡೆಗೇ ಒತ್ತಿತ್ತು. ಶಿಲುಬೆ ಇದ್ದಲ್ಲಿ ಏನೂ ಇರಲಿಲ್ಲ. ಮೊದಲ ಸಲ ಚೆಲ್ಲಿದ ಹಿಟ್ಟನ್ನು ತುಳಿದು ಯಾರೆಲಿ ಓಡಾಡಿದ್ದಳು. ಅವಳ ಶೂಗಳ ಅಚ್ಚು ಬಾಗಿಲಿನವರೆಗೂ ಬಿಳಿಯಾಗಿ ಮೂಡಿತ್ತು. ನಿಯೆವೆಸ್ ಪೊರಕೆ ತಂದಳು. ಒಂದೊಂದು ಹೆಜ್ಜೆಯನ್ನೂ ಬಿಟ್ಟು, ಅದರ ಸುತ್ತ ಗುಡಿಸುತ್ತಾ ಬಾಗಿಲ ತನಕ ಹೋದಳು.