ಒಂದೇ ದಿನ ಒತ್ತಿದ ಮೂವತ್ತು ಹೆಬ್ಬೆಟ್ಟು

ನವಲಗುಂದದ ನಮ್ಮ ಓಣಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜಮಖಾನೆ ನೇಯುವ ಖಾಸಿಂಬಿಗಂತೂ ತಲೆ ತುರಿಸಿಕೊಳ್ಳಲೂ ಸಮಯವಿಲ್ಲ. ಏಳನೆಯ ಇಯತ್ತೆಯ ಮಗಳು ಹಸೀನಾಬಿ ಶಾಲೆ ಬಿಟ್ಟೊಡನೆ ತಾಯಿಯ ಬಾಜು ಮಗ್ಗಕ್ಕೆ ಕೂಡುತ್ತಾಳೆ.

ನಾನು ಸುಶೀಲವ್ವ, ಹಸೀನಾಬಿಗೆ ಕಲಿಸುವ ಅಕ್ಕೋರು. ಈ ವರ್ಷ, 1974ರಲ್ಲಿ, ನಾವು ಕಸರತ್ತಿಗೂ ಪರೀಕ್ಷೆ ಇಟ್ಟೆವು. ಮಕ್ಕಳು ಮನೆಯಲ್ಲಿ ದಿನಾ ಅರ್ಧ ತಾಸು ಕಸರತ್ತು ಮಾಡಿ ವಹಿಯಲ್ಲಿ ಬರೆಯಬೇಕು, ಹಿರಿಯರು ದಿನಾ ಸಹಿ ಹಾಕಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಅದಕ್ಕೆ ಇಪ್ಪತ್ತೈದು ಮಾರ್ಕು. ಒಂದು ದಿನವೂ ತಪ್ಪಿಸದವಳು ಧಾರವಾಡದ ಓಟದ ಪಂದ್ಯಕ್ಕೆ ಹೋಗುವಳು.

ಹಸೀನಾಬಿಯ ವಹಿ ಒಂದು ದಿನವೂ ತಪ್ಪಿರಲಿಲ್ಲ. ಅಚ್ಚುಕಟ್ಟಾದ ವಹಿ ಕಂಡರೆ ಮರುಳಾಗುವವಳು ನಾನು, ಅವಳ ಹೆಸರು ಕಳಿಸಿಬಿಟ್ಟೆ. ಎರಡೇ ದಿನ ತಪ್ಪಿಸಿದ್ದ ಅದೇ ವರ್ಗದ ರೇವವ್ವ ಅತ್ತುಕೊಂಡು ಮನೆಗೆ ಹೋದಳು. ಸಂಜೆ ಮತ್ತೆ ವಹಿ ತೆಗೆದೆ. ಅಂದು ತಾರೀಖು ಇಪ್ಪತ್ತು. ಹೆಬ್ಬೆಟ್ಟಿನ ಗುರುತು ಮೂವತ್ತರವರೆಗೂ ಇತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಸೀದಾ ಅವರ ಮನೆಗೆ ಹೋದೆ.

"ಖಾಸಿಂಬಿ, ನಾಳಿನ ಕಸರತ್ತಿಗೆ ಇವತ್ತ ಹೆಂಗ ಹೆಬ್ಬೆಟ್ಟ ಒತ್ತಿದಿ?"

"ದಿನಾ ಕೈಗೆ ಶಾಯಿ ಹತ್ತಿದ್ರ ನೂಲಿಗೆ ಕಲೆ ಬೀಳ್ತೈತ್ರಿ ಅಕ್ಕೋರ. ಶುಕ್ರವಾರ ಮಗ್ಗ ಬಂದ್ ಇತ್ತು, ತಿಂಗಳದ್ದೆಲ್ಲಾ ಒಮ್ಮೆಲೇ ಒತ್ತಿಬಿಟ್ಟೆ. ನೀರ ತರೂದು, ಕಸಾ ಹೊಡಿಯೂದು, ಇದರಾಗ ಕಸರತ್ತ ಯಾವಾಗ ಮಾಡಬೇಕ್ರಿ? ಇದೇನ ಗಣಿತದ ಪರೀಕ್ಷಾ ಅಲ್ಲಲ್ಲ."

"ಆತು. ಸೋಮವಾರ ಧಾರವಾಡದಾಗ ಓಡ್ತಾಳೇನು ಇಕಿ?"

ಉತ್ತರ ಹಸೀನಾಬಿಯಿಂದ ಬಂತು. "ಇಲ್ರಿ ಅಕ್ಕೋರ. ಬಾವಿತನಕ ಓಡಿದ್ರನ ತೇಕು ಹತ್ತತೈತಿ. ದಿನಾ ಸುಳ್ಳನ ಬರದೀನ್ರಿ. ಆ ಜಾಗಾ ರೇವವ್ವಂದು. ನನ್ನ ಹೆಸರ ತಗದಬಿಡ್ರಿ."

"ಮಂದಿ ನಗ್ತಾರ ಬೇ," ಎಂದಳು ತಾಯಿ.

"ನಕ್ಕರ ನಗಲಿ ಬಿಡವ್ವಾ," ಎಂದು ಎದ್ದ ಹುಡುಗಿ ಕಾಲು ಜೋಮು ಹಿಡಿದು ಗೋಡೆಗೆ ಒರಗಿದಳು. ಹದಿಮೂರು ವರ್ಷದವಳು. ಖಾಸಿಂಬಿ ಮಗಳನ್ನೇ ನೋಡುತ್ತ ತನ್ನ ಮೊಣಕಾಲು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪುರುಸೊತ್ತ ಎಲ್ಲಿಂದ ತರೂದ್ರಿ ಅಕ್ಕೋರ?"

"ಒಮ್ಮೆಲೇ ಅರ್ಧ ತಾಸ ಅಂದದ್ದು ನಂದೂ ತಪ್ಪು. ಮುಂಜಾನೆ ಹತ್ತು ನಿಮಿಷ, ಸಂಜಿಮುಂದ ಹತ್ತು ನಿಮಿಷ ಸಾಕು. ತಾಸಿಗೊಮ್ಮೆ ಎದ್ದು ಅಂಗಳದಾಗ ನಾಕ ಸುತ್ತ ಬಿರಬಿರನ ನಡೀರಿ. ಶುಕ್ರವಾರ ಇಬ್ಬರೂ ಕೂಡಿ ದೂರ ಹೋಗಿ ಬರ್ರಿ. ಮಾಡದ ದಿನಾ 'ಮಾಡಿಲ್ಲ' ಅಂತ ಬರೀರಿ."

ಮರುದಿನ ಹಸೀನಾಬಿ ವರ್ಗದ ಮುಂದೆ ನಿಂತು ತಾನೇ ಎಲ್ಲ ಹೇಳಿದಳು. ಇಪ್ಪತ್ತೈದು ಮಾರ್ಕೂ ಹೋದವು. ಧಾರವಾಡಕ್ಕೆ ರೇವವ್ವ ಹೋದಳು.

ಮುಂದಿನ ತಿಂಗಳ ವಹಿಯಲ್ಲಿ ಹಸೀನಾಬಿ ಹನ್ನೆರಡು ಕಡೆ 'ಮಾಡಿಲ್ಲ' ಎಂದು ಬರೆದಿದ್ದಳು. ಹತ್ತೊಂಬತ್ತು ದಿನ ತಾಯಿ ಮಗಳು ಕೂಡಿಯೇ ನಡೆದಿದ್ದರು. ಅದನ್ನು ಓದಿ ನನ್ನ ಕಣ್ಣು ತುಂಬಿ ಬಂತು.

ಅವ್ವಂದಿರೇ, ಅಕ್ಕಂದಿರೇ, ಮಗ್ಗವಿರಲಿ, ಹೊಲವಿರಲಿ, ಕೆಲಸ ಯಾರಿಗೂ ತಪ್ಪಿದ್ದಲ್ಲ. ಅದರ ನಡುವೆಯೇ ದಿನಕ್ಕೆ ಹತ್ತು ಹತ್ತು ನಿಮಿಷ ಕೈಕಾಲು ಆಡಿಸಿರಿ. ಮಕ್ಕಳ ಪರೀಕ್ಷೆ ಯಾವುದೇ ಇರಲಿ, ಕಡಿಮೆ ಮಾರ್ಕಿಗೆ ಬೈಯಬೇಡಿರಿ, ಸುಳ್ಳು ಮಾರ್ಕಿಗೆ ನೆರವಾಗಬೇಡಿರಿ. ಈ ವಾರ ನೀವು ಎಷ್ಟು ದಿನ ನಡೆದಿರಿ? ಮಗು ಕೇಳಿದರೆ ಇದ್ದದ್ದನ್ನು ಇದ್ದಂತೆಯೇ ಹೇಳಿರಿ.