ಕಾಣಿಸಿದ್ದನ್ನು ಹೇಳುತ್ತಾ ಹೋಗಿ

"ಬಲಕ್ಕೆ ಔಷಧಿ ಅಂಗಡಿ. ಮುಂದೆ ಬಿಳಿ ಕಾರು. ಎಡಕ್ಕೆ ಸೈಕಲ್ಲು, ಹಳದಿ ಸ್ವೆಟರು, ಮೊಣಕೈ ಹತ್ತಿರ ತೇಪೆ. ತೇಪೆಗೆ ಬೇರೆ ಬಣ್ಣದ ದಾರ ಹಾಕಿದಾರೆ."

ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಟೀಚರ್‌ಗೆ ನಗು ಬಂತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು ಎಂಬುದು ಅವಳ ಶಾಲೆಯ ನಿಯಮ. ಸುಮ್ಮನೆ ಕಾರು ಓಡಿಸುವವರು ರಸ್ತೆ ನೋಡುತ್ತಿದ್ದಾರೋ ಒಲೆ ಮೇಲಿಟ್ಟು ಬಂದ ಹಾಲನ್ನು ನೆನೆಯುತ್ತಿದ್ದಾರೋ ಯಾರಿಗೆ ಗೊತ್ತು? ಆದರೆ ಐವತ್ತೆಂಟರ ಈ ಟೈಲರಕ್ಕ ಕಲಿಯಲು ಬಂದ ಮೇಲೆ ರಸ್ತೆಯಲ್ಲಿ ವಾಹನಗಳಿಗಿಂತ ಅಂಗಿಗಳ ಗುಂಡಿ, ಕಾಜಗಳೇ ಹೆಚ್ಚಾಗಿದ್ದವು. ಸಮವಸ್ತ್ರದ ಗಂಟುಗಳನ್ನು ಶಾಲೆಗಳಿಗೆ ತಾನೇ ಸಾಗಿಸಬೇಕೆಂದು ಹಟ ತೊಟ್ಟು ಬಂದವಳು ಅವಳು. ಮೂರು ವಾರವಾದರೂ ಸ್ಟಿಯರಿಂಗನ್ನು ಹೊಲಿಗೆ ಯಂತ್ರದ ಚಕ್ರದಂತೆ ಹಿಡಿಯುವುದನ್ನು ಬಿಟ್ಟಿರಲಿಲ್ಲ.

ಹಿಂದೆ ಬಸ್ಸು ಹಾರ್ನ್ ಮಾಡಿತು.

"ಸ್ವಲ್ಪ ಎಡಕ್ಕೆ ಸರೀರಿ ಅಕ್ಕಾ, ಬಸ್ಸಿಗೆ ದಾರಿ ಬಿಡಿ."

"ಸೈಕಲ್ ಇದೆ ಟೀಚರ್."

ಟೀಚರ್ ಮುಂದಕ್ಕೆ ನೋಡಿದಳು. ಎಡಗಡೆ ರಸ್ತೆ ಖಾಲಿಯಾಗಿತ್ತು. ಬೆಳಗಿನಿಂದ ಬಿಸಿಲು ಜೋರು, ಗಾಜಿನ ಮೇಲೆ ಏನೋ ಮಿಣಮಿಣ ಎನ್ನುತ್ತಿತ್ತು, ಅಷ್ಟೆ.

"ಎಲ್ಲಿದೆ ಸೈಕಲ್ಲು? ಇಲ್ಲದ್ದನ್ನೆಲ್ಲ ಸೇರಿಸಿ ಹೇಳ್ಬೇಡಿ," ಎಂದವಳೇ ಕೈ ಚಾಚಿ ಸ್ಟಿಯರಿಂಗನ್ನು ಎಡಕ್ಕೆ ಎಳೆದಳು.

ಟೈಲರಕ್ಕ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು ಬ್ರೇಕ್ ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು. ಆಗ, ಏನೂ ಇರದ ಜಾಗದಿಂದ ಮೊದಲು ಒಂದು ಚಕ್ರ ಹೊರಗೆ ಬಂತು. ಆಮೇಲೆ ಹ್ಯಾಂಡಲ್ಲು, ಹಳದಿ ತೋಳು, ಮೊಣಕೈಯ ತೇಪೆ. ಸವಾರ ಬಾನೆಟ್ ಮೇಲೆ ಒಂದು ಏಟು ಹಾಕಿ, ಏನೋ ಬೈದು, ಮುಂದೆ ಹೋದ. ದಾರ ನಿಜಕ್ಕೂ ಬೇರೆ ಬಣ್ಣದ್ದಾಗಿತ್ತು.

ಟೀಚರ್‌ಳ ಕೈ ಸ್ಟಿಯರಿಂಗಿನಿಂದ ಹಿಂದೆ ಸರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಬೋರ್ಡಿನ ಮೇಲೇ ಬರೆಸಿಕೊಂಡಿದ್ದಳು.

ಟೈಲರಕ್ಕ ಇಂಡಿಕೇಟರ್ ಹಾಕಿ, ಕಾರನ್ನು ಒಂದು ಮರದ ನೆರಳಿಗೆ ತಂದು, ರಸ್ತೆಯಂಚಿಗೆ ಸಮನಾಗಿ ನಿಲ್ಲಿಸಿದಳು. ಅಷ್ಟು ಚೆನ್ನಾಗಿ ನಿಲ್ಲಿಸಿದ್ದು ಅದೇ ಮೊದಲು. ಹೊಗಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ನಿಮಗೆ ನಿಜವಾಗ್ಲೂ ಕಾಣಿಸ್ಲಿಲ್ವಾ?"

"ಇಲ್ಲ ಅಕ್ಕಾ."

"ನನ್ನ ಮೂಗನ್ನೇ ನೋಡಿ. ಕಿವಿ ಎಷ್ಟು ಕಾಣುತ್ತೆ?"

"ಒಂದೇ."

"ಎರಡಿದೆ. ಓಲೆ ಸಮೇತ ಇದೆ."

ಹೆದರಬೇಕಾದ ಹೊತ್ತಿನಲ್ಲಿ ಟೀಚರ್‌ಗೆ ಕುತೂಹಲ ಹುಟ್ಟಿತು. ಟೈಲರಕ್ಕನ ಮುಖ ಅರ್ಧ ಹರಿದ ಫೋಟೋದಂತೆ ಇದ್ದಿದ್ದರೆ ಗೊತ್ತಾಗುತ್ತಿತ್ತು. ಹಾಗೇನೂ ಇರಲಿಲ್ಲ. ಮುಖ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು. ಎರಡರಲ್ಲೂ ಕಾಣದ್ದು ಅದೇ ಎಡಭಾಗ.

"ಹಾಗಾದ್ರೆ ಇದು ಕಣ್ಣಿನದ್ದಲ್ಲ, ತಲೆಯದ್ದು," ಎಂದಳು ತನಗೇ ಎಂಬಂತೆ.

ಟೈಲರಕ್ಕ ಚೀಲದಿಂದ ಅಳತೆ ಟೇಪು ತೆಗೆದು ಟೀಚರ್‌ಳ ಮುಂದೆ ಅಡ್ಡಡ್ಡ ಹಿಡಿದಳು. "ಹದಿನಾರನ್ನೇ ನೋಡಿ. ಕಣ್ಣು ಆಡಿಸ್ಬೇಡಿ. ಎಡಗಡೆ ಎಲ್ಲೀತನಕ ಕಾಣುತ್ತೆ?"

"ಹದಿನೈದು, ಹದಿನಾಲ್ಕು. ಅದರಾಚೆ ಮಿಂಚ್ತಾ ಇದೆ."

"ಹೇಗೆ? ಓವರ್‌ಲಾಕ್ ಹೊಲಿಗೆ ಥರಾನಾ, ಝಿಗ್‌ಜಾಗಾ?"

"ಝಿಗ್‌ಜಾಗು. ಓಡ್ತಾ ಇದೆ."

ಟೈಲರಕ್ಕ ಸೀಮೆಸುಣ್ಣದಿಂದ ಡ್ಯಾಶ್‌ಬೋರ್ಡಿನ ಮೇಲೆ ಹದಿನಾಲ್ಕು ಎಂದು ಬರೆದಳು. ಐದು ನಿಮಿಷ ಬಿಟ್ಟು ಮತ್ತೆ ಅಳೆದಾಗ ಮಿಂಚು ಹನ್ನೊಂದಕ್ಕೆ ಸರಿದಿತ್ತು. ಅದನ್ನೂ ಬರೆದಳು. ರವಿಕೆಗೆ ಅಳತೆ ತೆಗೆಯುವಷ್ಟೇ ಶ್ರದ್ಧೆ.

"ಇನ್ನು ಸ್ವಲ್ಪ ಹೊತ್ತಿಗೆ ತಲೆ ಹಿಡ್ಕೊಳ್ಳುತ್ತೆ ನೋಡಿ," ಎಂದಳು ಟೀಚರ್. "ತಲೆನೋವು ನನಗೆ ಹಳೇ ನೆಂಟ. ಮೈಗ್ರೇನ್ ಅಂದಿದ್ರು ಡಾಕ್ಟರು. ಮಿಂಚೋದನ್ನ ನಾನು ಬಿಸಿಲು ಅಂದ್ಕೊಂಡಿದ್ದೆ. ಇಲ್ಲದ್ದು ಕಂಡ್ರೆ ಗೊತ್ತಾಗುತ್ತೆ ಅಕ್ಕಾ. ಇರೋದು ಕಾಣದೇ ಹೋದ್ರೆ ಹೇಗೆ ಗೊತ್ತಾಗ್ಬೇಕು?"

ಹೇಳುತ್ತಿದ್ದಂತೆ ಹಳೆಯದೆಲ್ಲ ನೆನಪಿಗೆ ಬಂತು. ಎಲ್ಲಿಂದಲೋ ನುಗ್ಗಿ ಬಂದ ಸ್ಕೂಟರ್. ಇದ್ದಕ್ಕಿದ್ದಂತೆ ಎದುರಾದ ಮುದುಕ. ಕೂದಲೆಳೆಯಲ್ಲಿ ತಪ್ಪಿದ ಕಂಬ ಕಾಣಲಿಲ್ಲವಾ ಎಂದು ತನ್ನಿಂದ ಬೈಸಿಕೊಂಡು ಅತ್ತು, ಮತ್ತೆ ಪಾಠಕ್ಕೆ ಬಾರದೇ ಹೋದ ಆ ನರ್ಸ್ ಹುಡುಗಿ. ಎಲ್ಲಿಂದಲೋ ಬಂದವರೆಲ್ಲ ಮೊದಲಿನಿಂದಲೂ ಅಲ್ಲೇ ಇದ್ದರೋ ಏನೋ. ಅವಳಿಗೆ ನಾಚಿಕೆಯಾಯಿತು.

"ನಾನು ಮನೆಗೆ ಬಿಡ್ಲಾ?" ಎಂದಳು ಟೈಲರಕ್ಕ.

"ನಿಮ್ಮ ಹತ್ರ ಲೈಸೆನ್ಸ್ ಎಲ್ಲಿದೆ?"

"ನಿಮ್ಮ ಹತ್ರ ಇದೆಯಲ್ಲ. ಆ ಲೈಸೆನ್ಸಿಗೇ ರಸ್ತೆ ಅರ್ಧ ಕಾಣ್ಲಿಲ್ಲ."

ಇಬ್ಬರೂ ನಕ್ಕರು. ಟೀಚರ್ ಗಂಡನಿಗೆ ಫೋನ್ ಮಾಡಿದಳು. ಬಸ್ ಹಿಡಿದು ಬಂದು ಕಾರು ತೆಗೆದುಕೊಂಡು ಹೋಗುತ್ತೇನೆ, ಅರ್ಧ ಗಂಟೆ ಬೇಕು ಎಂದ ಅವನು.

ಲೈಸೆನ್ಸ್ ಎಂದಾಗಲೇ ಅವಳಿಗೆ ನೆನಪಾಗಿದ್ದು. ಕಲಿಸುವವರ ಲೈಸೆನ್ಸ್ ನವೀಕರಿಸುವ ಅರ್ಜಿ ಚೀಲದಲ್ಲಿತ್ತು, ಮಧ್ಯಾಹ್ನ ಕೊಡಬೇಕಾಗಿತ್ತು. ತೆಗೆದು ತೊಡೆಯ ಮೇಲೆ ಹರಡಿದಳು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ನಿನ್ನೆ ತಾನೇ ಒಂದೇ ಉಸಿರಿಗೆ ತುಂಬಿದ್ದ ಹಾಳೆ. ಉತ್ತರಗಳ ಮೇಲೆ ಕಣ್ಣಿಟ್ಟಾಗ ಪ್ರಶ್ನೆಗಳು ಒಂದೂ ಇರಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ಅವಳ ಅಕ್ಷರ ಮಾತ್ರ ಸಾಲಾಗಿ ಇಳಿದಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ನಾಲ್ಕು ಗಂಟೆಗೆ ಪಾಠಕ್ಕೆ ಬರುವ ಕಾಲೇಜು ಮೇಷ್ಟ್ರು, ನಾಳೆ ಬೆಳಿಗ್ಗೆಯ ಮೂವರು, ಕಾರಿನ ತಲೆ ಮೇಲಿನ ಬೋರ್ಡು. ಈ ಹಾಳೆ ಹೀಗೇ ಹೋದರೆ ಎಲ್ಲ ಮೊದಲಿನಂತೆ ನಡೆಯುತ್ತದೆ. ಬದಲಾದರೆ ಏನಾಗುತ್ತದೆಂದು ಅವಳಿಗೆ ತಿಳಿಯದು.

"ಆರನೇದು ಓದಿ ಅಕ್ಕಾ."

ಟೈಲರಕ್ಕ ಬಗ್ಗಿ ಓದಿದಳು. "ತಲೆಸುತ್ತು, ತೀವ್ರ ತಲೆನೋವು, ದೃಷ್ಟಿ ಮಬ್ಬಾಗುವುದು, ಇವುಗಳಲ್ಲಿ ಯಾವುದಾದರೂ ಇದೆಯೇ?"  

"ಪೆನ್ ಕೊಡಿ. ಎಲ್ಲಿ ಹೊಡೀಬೇಕು, ಸ್ವಲ್ಪ ತೋರ್ಸಿ."

ಟೈಲರಕ್ಕ ಹಾಳೆಯ ಮೇಲೆ ಬೆರಳಿಟ್ಟಳು. ಸೂಜಿ ಚುಚ್ಚಿದ ಕಲೆಗಳಿದ್ದ ಆ ಬೆರಳಿನ ಪಕ್ಕದಲ್ಲೇ ಪೆನ್ನೂರಿ, ಟೀಚರ್ ಉತ್ತರವನ್ನು ಹೊಡೆದುಹಾಕಿ ಬೇರೆ ಬರೆದಳು.

ತಲೆಯ ಬಲಭಾಗದಲ್ಲಿ ನೋವು ಶುರುವಾಯಿತು. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಇಪ್ಪತ್ತೆರಡು ವರ್ಷ ಪಾಠದ ಹೊತ್ತಿನಲ್ಲಿ ಟೀಚರ್ ಬದಿಯ ಎರಡನೇ ಬ್ರೇಕಿನಿಂದ ಕದಲದ ತನ್ನ ಕಾಲು ನಿಂತ ಕಾರಿನಲ್ಲೂ ಅದರ ಮೇಲೇ ಇರುವುದು ಆಗ ಗಮನಕ್ಕೆ ಬಂತು.

"ಹೇಳ್ತಾ ಹೋಗಿ ಅಕ್ಕಾ."

"ಕಾರು ನಿಂತಿದೆಯಲ್ಲ ಟೀಚರ್."

"ಆದ್ರೂ ಹೇಳಿ."

"ಬಲಕ್ಕೆ ಹಾಲಿನ ವ್ಯಾನು. ಮುಂದೆ ಒಬ್ಬರು ಅಜ್ಜಿ, ಸೆರಗು ತಿರುವುಮುರುವಾಗಿದೆ. ಹಳದಿ ಸ್ವೆಟರು ವಾಪಸ್ ಬರ್ತಾ ಇದೆ. ಬಂತು. ನಮ್ಮ ಪಕ್ಕದಲ್ಲೇ ಇದೆ. ದಾಟ್ತು."

ಟೀಚರ್ ಮೆಲ್ಲಗೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.