ಹೆಸರು ಬರೆಯಬೇಕಾಗಿಲ್ಲ

“ಕಂಪನಿ ಹೆಸರು ಕಾಣೋ ಹಾಗೆ ಇಡಮ್ಮ, ಮಗುಚಿ ಬಿದ್ದಿದೆ ನೋಡು,” ಎಂದ ಮ್ಯಾನೇಜರ್.

ಅಕ್ಕನ ಕಾಲಬಳಿ ಹೊದಿಕೆ ಸರಿಮಾಡುತ್ತಿದ್ದ ತಂಗಿ ಬಗ್ಗಿದವಳು ಹಾಗೇ ನಿಂತಳು. ಹೂವಿನ ಚಕ್ರದ ಮೇಲಿನ ನೀಲಿ ಪಟ್ಟಿ ಮಗುಚಿಕೊಂಡಿತ್ತು. ಅವಳು ಮುಟ್ಟಲಿಲ್ಲ. ಮ್ಯಾನೇಜರೇ ಎರಡು ಬೆರಳಲ್ಲಿ ಅದನ್ನು ತಿರುಗಿಸಿದ, ಆಮೇಲೆ ಆ ಎರಡು ಬೆರಳನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡ. ತಾಗಿದ್ದು ಸತ್ತವಳ ಹೊದಿಕೆಯ ಅಂಚು ಮಾತ್ರ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅಕ್ಕತಂಗಿ ಇಬ್ಬರಿಗೂ ಕೆಲಸ. ತಂಗಿ ಇಸ್ತ್ರಿ ವಿಭಾಗದಲ್ಲಿ, ಇಡೀ ದಿನ ನಿಂತೇ. ಅಕ್ಕ ಹೋದ ವರ್ಷದವರೆಗೂ ಹರಿದ ಹೊದಿಕೆಗಳಿಗೆ ತೇಪೆ ಹಾಕುವ ಮೂಲೆಯಲ್ಲಿ, ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ಸೂಜಕ್ಕ. ಇವತ್ತು ಜೊತೆಗಾರ್ತಿಯರು ಪಾಳಿ ಮುಗಿಸಿ ನೇರ ಬಂದಿದ್ದರು. ಪಾಳಿಯಿಂದಲೇ ಓಡಿಬಂದಿದ್ದ ತಂಗಿಯೂ ಸೇರಿ ಎಲ್ಲರ ಮೈಮೇಲೆ ಅದೇ ಬೂದು ಕೋಟು, ತಲೆಗೆ ಅದೇ ಟೊಪ್ಪಿ, ಜೊತೆಗೆ ಸೋಪಿನ ಘಾಟು.

“ನಿಮ್ಮೆಲ್ಲರದೂ ಒಂದು ಫೋಟೋ ಬೇಕು,” ಮ್ಯಾನೇಜರ್ ತಂಗಿಯ ಭಾವನ ಭುಜ ಹಿಡಿದುಕೊಂಡಿದ್ದ. “ಅವರ ಸುತ್ತ ನಿಂತಿರೋ ಹಾಗೆ. ಗೇಟ್ ಹತ್ರ ದೊಡ್ಡದಾಗಿ ಹಾಕಿಸ್ತೀನಿ. ಕೆಳಗೆ ಅವರದೇ ಮಾತು. ‘ಇಲ್ಲಿ ಜೊತೆಗಿರೋರು ಮನೆಯವರ ಹಾಗೆ’ ಅಂತ ಬರೆದಿದ್ರಲ್ಲ.”

ಭಾವ ಬೀಗ ರಿಪೇರಿ ಮಾಡುವವನು. ಯಾರು ಮೆತ್ತಗೆ ಮಾತಾಡಿದರೂ ತಾನೇ ತೆರೆದುಕೊಳ್ಳುವ ಮನುಷ್ಯ. “ಆಗಲಿ ಸಾರ್, ನಿಮ್ಮ ದೊಡ್ಡತನ,” ಎನ್ನುತ್ತ ಕಣ್ಣೊರೆಸಿಕೊಂಡ.

“ಎಲ್ಲಿ ಬರೆದಿದ್ಲು?” ತಂಗಿ ಕೇಳಿದಳು.

“ಹೋದ ವರ್ಷದ ಅಭಿಪ್ರಾಯ ಸಮೀಕ್ಷೆಲಿ. ಇನ್ನೂ ಏನೇನೋ ಬರೆದಿದ್ರು ಬಿಡಿ. ಅದನ್ನೆಲ್ಲ ನಾವು ಮನಸ್ಸಲ್ಲಿ ಇಟ್ಕೊಂಡಿಲ್ಲ.”

ಗೋಡೆಗೊರಗಿ ಪಿಸುಗುಟ್ಟುತ್ತಿದ್ದ ಹೆಂಗಸರು ಒಮ್ಮೆಲೇ ತಲೆಯೆತ್ತಿದರು.

*

“ಹೆಸರು ಬರೆಯಬೇಕಾಗಿಲ್ಲ. ಮನಸ್ಸು ಬಿಚ್ಚಿ ಬರೆಯಿರಿ” ಎಂದು ಸಮೀಕ್ಷೆಯ ಕಾಗದದಲ್ಲಿ ಮೇಲೇ ಅಚ್ಚಾಗಿತ್ತು. ಅದರ ಕೆಳಗಿನ ಮೊದಲ ಪ್ರಶ್ನೆ, ಯಾವ ವಿಭಾಗ?

“ಇಸ್ತ್ರಿ ಅಂತ ಹಾಕಕ್ಕ,” ಎಂದಿದ್ದಳು ತಂಗಿ. “ಇಸ್ತ್ರಿಲಿ ಸಂತೆ ಥರ ಜನ ಇದೀವಿ. ತೇಪೆ ಅಂದ್ರೆ ನಿನ್ನ ಹೆಸರು ಬರೆದ ಹಾಗೇ.”

“ಮೊದಲನೇ ಸಾಲಲ್ಲೇ ಸುಳ್ಳು ಬರೆದ್ರೆ ಉಳಿದಿದ್ದನ್ನ ಯಾರೇ ನಂಬ್ತಾರೆ? ಹೆಸರು ಬೇಡ ಅಂತ ಅವರೇ ಹೇಳಿದಾರೆ. ಅಷ್ಟು ದೊಡ್ಡೋರು ಇದು ಯಾರದು ಅಂತ ಹುಡುಕ್ತಾ ಕೂರ್ತಾರಾ? ಬೇರೆ ಕೆಲಸ ಇಲ್ವಾ ಅವರಿಗೆ?”

“ಇಲ್ಲ,” ಎಂದಳು ಬಟ್ಟೆ ಒಣಗಿಸುವ ಯಂತ್ರದವಳು, ಟೀ ಊದುತ್ತ. ಎಲ್ಲರೂ ನಕ್ಕರು. ಸೂಜಕ್ಕನೂ ನಕ್ಕಳು. ನಗುತ್ತಲೇ ‘ತೇಪೆ’ ಎಂದು ಬರೆದಳು.

ತನಗಾಗಿ ಅವಳು ಏನೂ ಕೇಳಲಿಲ್ಲ. ಕೊಳೆ ಬಟ್ಟೆ ವಿಂಗಡಿಸುವವರಿಗೆ ಒಳ್ಳೆಯ ಕೈಗವಸು ಕೊಡಿ, ಹರಿದವನ್ನು ನನ್ನ ಹತ್ತಿರ ತೇಪೆಗೆ ಕಳಿಸುತ್ತೀರಿ, ರಬ್ಬರಿಗೆ ದಾರ ನಿಲ್ಲುವುದಿಲ್ಲ, ಹೊಲಿದ ತೂತಿನಲ್ಲೇ ರಕ್ತ ಒಳಗಿಳಿಯುತ್ತದೆ ಎಂದು ಬರೆದಳು. ಬರೀ ದೂರಾಯಿತಲ್ಲ ಎನಿಸಿ, ಕೊನೆಗೆ ಜೊತೆಗಾರರ ಬಗ್ಗೆ ಒಂದು ಒಳ್ಳೆಯ ಮಾತು ಸೇರಿಸಿದಳು.

ಬೆಣ್ಣೆಯೊಳಗಿನ ಕೂದಲು ಎಳೆದ ಹಾಗೆ ಎಳೆದರು ಅವಳನ್ನು. ತಿಂಗಳು ತುಂಬುವುದರೊಳಗೆ ಕೊಳೆ ಬಟ್ಟೆಗೆ ಹಾಕಿದರು. “ಬದಲಾವಣೆ ಇದ್ರೆ ಮನಸ್ಸಿಗೆ ಒಳ್ಳೇದು,” ಎಂದಿದ್ದ ಮ್ಯಾನೇಜರ್. ಕೀವು, ವಾಂತಿ, ಯಾರದೋ ಹೆಪ್ಪುಗಟ್ಟಿದ ರಕ್ತ. ಮನೆಗೆ ಬಂದು ಮೊಣಕೈವರೆಗೆ ತಿಕ್ಕಿ ತೊಳೆದರೂ, ತಟ್ಟೆಯ ಮುಂದೆ ಕೂತು ಬೆರಳು ಮೂಸಿ ಎದ್ದುಬಿಡುತ್ತಿದ್ದಳು. ಗಂಡ ಕೇಳಿದರೆ, ನಾನೇ ಕೇಳಿ ಹಾಕಿಸಿಕೊಂಡ ಕೆಲಸ ಎನ್ನುತ್ತಿದ್ದಳು. ಹೊದಿಕೆಯ ಮಡಿಕೆಯಲ್ಲಿ ಮರೆತುಹೋಗಿದ್ದ ಒಂದು ಇಂಜೆಕ್ಷನ್ ಸೂಜಿಯ ಮೊನೆ ತೇಪೆಯ ಗವಸಿನೊಳಗೆ ಹೊಕ್ಕಿತು. ಆಮೇಲೆ ಜ್ವರ.

*

“ಭಾವ,” ಎಂದಳು ತಂಗಿ. “ಆ ಕಾಗದದಲ್ಲಿ ಹೆಸರಿರಲಿಲ್ಲ. ಅದು ಅಕ್ಕಂದು ಅಂತ ಇವರಿಗೆ ಹೇಗೆ ಗೊತ್ತಾಯ್ತು, ಕೇಳಿ.”

ಭಾವ ಮಿಕಮಿಕ ನೋಡಿದ. “ಅವಳೇ ಕೇಳಿ ಹೋಗಿದ್ದಲ್ವಾ ಆ ಕೆಲಸಕ್ಕೆ?”

“ಕೇಳಿದ್ದು ಕೈಗವಸು. ಕೊಟ್ಟಿದ್ದು ಆ ಕೆಲಸ.”

ಮ್ಯಾನೇಜರ್ ದನಿ ಇನ್ನೂ ಮೃದುವಾಯಿತು. ಪಾಕದಲ್ಲಿ ಅದ್ದಿದ ಹಾಗೆ ಜಿಗುಟಾಗಿತ್ತು. “ದುಃಖದಲ್ಲಿ ಏನೇನೋ ಅನ್ಸುತ್ತಮ್ಮ. ತೇಪೆ ಜಾಗ ಇನ್ನೂ ಖಾಲಿ ಇದೆ. ನಿಮಗೇ ಕೊಡೋಣ ಅಂತಿದ್ದೆ. ಕೂತು ಮಾಡೋ ಕೆಲಸ.”

ತಂಗಿಯ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿ ವರ್ಷಗಳಾಗಿದ್ದವು. ಒಂದು ಕ್ಷಣ ಅವಳಿಗೆ ಆ ಕುರ್ಚಿ ಕಣ್ಣಿಗೆ ಕಟ್ಟಿತು. ಹಾಗೆ ಕಟ್ಟಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

“ಬೇಡ ಸಾರ್. ಅಲ್ಲಿ ಒಬ್ಬಳೇ ಆಗ್ಬಿಡ್ತೀನಿ.”

ಭಾವ ತನ್ನ ಭುಜದ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟ. “ಫೋಟೋ ಬೇಡ. ಅವಳ ಮಾತನ್ನೂ ಎಲ್ಲೂ ಹಾಕ್ಬೇಡಿ.”

“ಮನೆಯವರು ಬೇಡ ಅಂದ್ರೆ ಬಲವಂತ ಇಲ್ಲಪ್ಪ. ನಮ್ಮ ಕೆಲಸಗಾರರದು ತಗೋಬಹುದಲ್ಲ.” ಮ್ಯಾನೇಜರ್ ಫೋನ್ ಎತ್ತಿ ಹಿಡಿದ. “ಎಲ್ಲಾ ಸ್ವಲ್ಪ ಈ ಕಡೆ ನೋಡ್ರಮ್ಮ.”

ಮೊದಲು ತಿರುಗಿದವಳು ಯಂತ್ರದವಳು, ಹೆಣದ ಕಡೆಗೆ. ಅವಳ ಭುಜಕ್ಕೆ ಭುಜ ಕೊಟ್ಟು ಇನ್ನೊಬ್ಬಳು ನಿಂತಳು, ಮತ್ತೊಬ್ಬಳು ಅವಳ ಪಕ್ಕಕ್ಕೆ ಬಂದಳು. ತಂಗಿ ತನ್ನ ಬೂದು ಕೋಟಿನ ಗುಂಡಿ ಹಾಕಿಕೊಂಡು, ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡು ಸಾಲಿನ ನಡುವೆ ತೂರಿಕೊಂಡಳು. ಸೂಜಕ್ಕ ಮರೆಯಾದಳು.

ಮ್ಯಾನೇಜರ್ ಫೋನ್ ಕೆಳಗಿಳಿಸಿದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕತ್ತು ಚಾಚಿ, ಒಂದು ಬೂದು ಬೆನ್ನಿನಿಂದ ಇನ್ನೊಂದು ಬೂದು ಬೆನ್ನಿಗೆ ನೋಡತೊಡಗಿದ.